ಇಂಗ್ರಿಡ್ ಬರ್ಗ್‌ಮನ್: ಪಾರಿತೋಷಿಕಗಳೂ ತೆರೆಯ ಮೂರ್ತಿಯೂ

ನಾಟ್ಯದಲ್ಲಿ ರಸವು ನೆಲಸುವುದೆಲ್ಲಿ ಎಂಬ ಪ್ರಶ್ನೆಯು ಭಾರತೀಯ ಅಲಂಕಾರಶಾಸ್ತ್ರದಲ್ಲಿ ಬಹುಕಾಲದಿಂದ ಚರ್ಚಿತವಾದುದು. ಅದು ಮುಖ್ಯವಾಗಿ ರಾಮಾದಿ ಅನುಕಾರ್ಯರಲ್ಲಿಯೂ, ಅನುಸಂಧಾನಬಲದಿಂದ ನಟನಲ್ಲಿಯೂ ಇರುವುದೆಂದು ಭಟ್ಟಲೋಲ್ಲಟನು ಹೇಳಿದನು. ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆಯೆಂದು ಗ್ರಹಿಸುವಂತೆ ಪ್ರೇಕ್ಷಕನು ನಟನನ್ನು ರಾಮನೆಂದು ಗ್ರಹಿಸಿ ಅವನಲ್ಲಿ ಭಾವವನ್ನು ಅನುಮಾನಿಸುವನೆಂದು ಶ್ರೀಶಂಕುಕನು ವಾದಿಸಿದನು. ಸಹೃದಯನ ಹೃದಯದಲ್ಲಿಯೇ ರಸವು ಅಭಿವ್ಯಕ್ತವಾಗುವುದೆಂಬುದು ಅಭಿನವಗುಪ್ತನ ಸಿದ್ಧಾಂತ. ಈ ಮೂವರಲ್ಲಿ ಪರಸ್ಪರ ಎಷ್ಟೇ ಭೇದವಿದ್ದರೂ, ನಟನ ಸ್ವಂತ ಬಾಳಿನ ನಡತೆಗೆ ಅವರ ಪೈಕಿ ಯಾರ ವಾದದಲ್ಲಿಯೂ ಸ್ಥಾನವಿಲ್ಲವೆಂಬುದು ಗಮನಿಸತಕ್ಕ ಅಂಶ.

ಇಪ್ಪತ್ತನೆಯ ಶತಮಾನದ ಚಲಚ್ಚಿತ್ರವು ಈ ಪ್ರಶ್ನೆಯನ್ನು ಹೊಸದೊಂದು ರೀತಿಯಲ್ಲಿ ಎಬ್ಬಿಸಿತು. ರಂಗದ ನಟನು ವೇಷವನ್ನು ಕಳಚಿದೊಡನೆ ಪಾತ್ರವು ಮರೆಯಾಗುವುದು. ತೆರೆಯ ಮೇಲಿನ ಮುಖವಾದರೋ ಸಹಜಪ್ರಮಾಣವನ್ನು ಎಷ್ಟೋ ಪಾಲು ಮೀರಿ ಹಿಗ್ಗಿ, ಊರೂರಿಗೂ ಒಂದೇ ರೂಪದಲ್ಲಿ ಹೋಗಿ, ನಟಿಯು ವೃದ್ಧೆಯಾದ ಮೇಲೂ ತಾರುಣ್ಯದಲ್ಲಿಯೇ ನಿಂತಿರುವುದು. ಹೀಗಿರಲು ಜನಸಾಮಾನ್ಯರು ಆ ಮುಖವನ್ನೇ ನಟಿಯ ನಿಜಸ್ವರೂಪವೆಂದು ಭಾವಿಸುವುದು ಸುಲಭ. ಸ್ವೀಡನ್ ದೇಶದಲ್ಲಿ ಹುಟ್ಟಿ ಹಾಲಿವುಡ್ಡಿನಲ್ಲಿ ಪ್ರಸಿದ್ಧಳಾದ ಇಂಗ್ರಿಡ್ ಬರ್ಗ್‌ಮನ್ನಳ ವೃತ್ತಿಜೀವನವು ಇದಕ್ಕೆ ಸ್ಪಷ್ಟವಾದ ನಿದರ್ಶನ. ಆಕೆಗೆ ಸಂದ ಪಾರಿತೋಷಿಕಗಳನ್ನೂ, ಲೋಕದ ನೆನಪಿನಲ್ಲಿ ಉಳಿದ ಆಕೆಯ ಮೂರ್ತಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇವೆರಡೂ ಬೇರೆಬೇರೆ ಅಳತೆಗಳೆಂಬುದು ವಿಶದವಾಗುತ್ತದೆ.

ಆಕೆಯು ೧೯೧೫ನೆಯ ಇಸವಿ ಆಗಸ್ಟ್ ೨೯ರಂದು ಸ್ಟಾಕ್‌ಹೋಮಿನಲ್ಲಿ ಜನಿಸಿದಳು. ತಾಯಿಯು ಈಕೆಯ ಶೈಶವದಲ್ಲಿಯೂ, ಛಾಯಾಚಿತ್ರದ ಅಂಗಡಿಯನ್ನು ನಡೆಸುತ್ತಿದ್ದ ತಂದೆಯು ಬಾಲ್ಯದಲ್ಲಿಯೂ ತೀರಿಕೊಂಡರು. ೧೯೩೩ರಲ್ಲಿ ಆಕೆಯು ಆ ನಗರದ ರಾಯಲ್ ಡ್ರಾಮಾಟಿಕ್ ಥಿಯೇಟರಿನ ಶಾಲೆಯನ್ನು ಸೇರಿ ಅಭಿನಯವನ್ನು ಅಭ್ಯಸಿಸಿದಳು. ಗುಸ್ತಾಫ್ ಮೊಲಾಂಡರನು ೧೯೩೬ರಲ್ಲಿ ನಿರ್ದೇಶಿಸಿದ ‘ಇಂಟರ್‌ಮೆಜ್ಜೊ’ ಎಂಬ ಸ್ವೀಡಿಷ್ ಚಿತ್ರದಿಂದ ಆಕೆಯ ಹೆಸರು ಅಮೆರಿಕದ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ಕನ ಗಮನಕ್ಕೆ ಬಂದಿತು. ಅದೇ ಕಥೆಯ ಇಂಗ್ಲಿಷ್ ರೂಪಕ್ಕಾಗಿ ೧೯೩೯ರಲ್ಲಿ ಅವನು ಆಕೆಯನ್ನು ಹಾಲಿವುಡ್ಡಿಗೆ ಕರೆಯಿಸಿಕೊಂಡನು.

ಪರದೇಶದ ನಟಿಯರ ಹೆಸರನ್ನು ಬದಲಾಯಿಸುವುದು, ಹುಬ್ಬು ತೀಡುವುದು, ಹಲ್ಲನ್ನು ತಿದ್ದಿಸುವುದು ಅಲ್ಲಿನ ವಾಡಿಕೆಯಾಗಿದ್ದಿತು. ಬರ್ಗ್‌ಮನ್ ಇವು ಯಾವುದಕ್ಕೂ ಒಡಂಬಡಲಿಲ್ಲ. ಚತುರನಾದ ಸೆಲ್ಜ್‌ನಿಕ್ಕನು ಈ ಒಪ್ಪದಿರುವಿಕೆಯನ್ನೇ ಪ್ರಚಾರಕ್ಕೆ ಬಂಡವಾಳ ಮಾಡಿಕೊಂಡನು. ಈಕೆಯಲ್ಲಿ ಕೃತಕವಾದುದು ಏನೂ ಇಲ್ಲ, ತೆರೆಯ ಮೇಲೆ ಕಾಣುವವಳೂ ಮನೆಯಲ್ಲಿರುವವಳೂ ಒಬ್ಬಳೇ ಎಂಬ ಅಭಿಪ್ರಾಯವು ಹೀಗೆ ಪ್ರೇಕ್ಷಕರಲ್ಲಿ ಬೇರೂರಿತು. ಮುಂದೆ ಆಕೆಗೆ ಒದಗಿದ ಕೀರ್ತಿಗೂ ಅಪಕೀರ್ತಿಗೂ ಇದೇ ಬೀಜವಾಯಿತು. ಆದರೆ ನಟಿಯು ತಾನಾಗಿ ಈ ಭ್ರಮೆಗೆ ಒಳಗಾಗಿರಲಿಲ್ಲ. ೧೯೪೧ರ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಚಿತ್ರದಲ್ಲಿ ಸಾಧ್ವಿಯಾದ ವಾಗ್ದತ್ತವಧುವಿನ ಪಾತ್ರವನ್ನು ತನಗೆ ಗೊತ್ತುಮಾಡಿದ್ದಾಗ, ಅದನ್ನು ಬಿಟ್ಟು ಮದ್ಯದಂಗಡಿಯ ಪರಿಚಾರಿಕೆಯ ಪಾತ್ರವನ್ನು ಆಕೆಯೇ ಕೇಳಿ ಪಡೆದಳು.

ಲೋಕದ ನೆನಪಿನಲ್ಲಿ ನಿಂತಿರುವ ಆಕೆಯ ಮೂರ್ತಿಯು ೧೯೪೨ರ ನವೆಂಬರಿನಲ್ಲಿ ಮೊದಲು ತೆರೆಕಂಡ ‘ಕ್ಯಾಸಾಬ್ಲಾಂಕಾ’ ಚಿತ್ರದ ಇಲ್ಸಾ ಲುಂಡಳದು. ನಾಟ್ಸಿಗಳನ್ನು ಎದುರಿಸುವ ಧೀರನಾದ ಪತಿ ಲಾಸ್ಲೊ, ಪ್ಯಾರಿಸ್ಸಿನಲ್ಲಿ ಒಲಿದು ಅಗಲಿದ ರಿಕ್, ಇವರಿಬ್ಬರ ನಡುವೆ ಇಲ್ಸಾ ಸಿಕ್ಕಿಕೊಂಡವಳು. ಚಿತ್ರೀಕರಣವು ನಡೆಯುತ್ತಿದ್ದಾಗಲೂ ಸಂಭಾಷಣೆಯನ್ನು ಬರೆಯುವುದು ಮುಗಿದಿರಲಿಲ್ಲ. ತಾನು ಯಾರನ್ನು ಪ್ರೀತಿಸತಕ್ಕುದೆಂದು ಕೇಳಿದಾಗ, ಎರಡಕ್ಕೂ ನಡುವೆ ಅಭಿನಯಿಸೆಂದು ನಿರ್ದೇಶಕ ಮೈಕಲ್ ಕರ್ಟಿಜನು ಉತ್ತರಕೊಟ್ಟನೆಂದು ಆಕೆಯು ಮುಂದೆ ಹೇಳಿಕೊಂಡಿದ್ದಾಳೆ. ಈ ಅನಿಶ್ಚಯವೇ ಪಾತ್ರಕ್ಕೆ ಲಾಭವಾಯಿತು. ಸ್ಯಾಮ್ ಎಂಬ ಗಾಯಕನು ಹಳೆಯ ಹಾಡನ್ನು ಹಾಡುವ ಸನ್ನಿವೇಶದಲ್ಲಿ ಛಾಯಾಗ್ರಾಹಕ ಆರ್ಥರ್ ಎಡಿಸನ್ನನ ಯಂತ್ರವು ಆಕೆಯ ಮುಖದ ಮೇಲೆಯೇ ನಿಲ್ಲುವುದು. ಆಕೆಯೋ ಮಾಡುವುದು ಅತ್ಯಲ್ಪ. ಸ್ಮೃತಿ, ಶಂಕೆ, ವಿತರ್ಕ, ವಿಷಾದ ಮೊದಲಾದ ಸಂಚಾರಿಭಾವಗಳು ಒಂದಾದ ಮೇಲೊಂದು ಸುಳಿಯುತ್ತವೆಯೇ ಹೊರತು ಯಾವುದೊಂದೂ ಒತ್ತಿ ತೋರಿಸಲ್ಪಡುವುದಿಲ್ಲ. ಉಳಿದುದನ್ನು ಪ್ರೇಕ್ಷಕನು ತನ್ನ ಅನುಭವದಿಂದ ತುಂಬಿಕೊಳ್ಳಬೇಕಾಗುತ್ತದೆ. ತಾನು ತುಂಬಿಕೊಂಡುದನ್ನು ಅವನು ಬೇಗನೆ ಮರೆಯಲಾರನು.

ಗಮನಿಸತಕ್ಕ ಸಂಗತಿಯೆಂದರೆ ಈ ಅಭಿನಯಕ್ಕೆ ಪಾರಿತೋಷಿಕವಾವುದೂ ದೊರೆಯಲಿಲ್ಲ. ಆಸ್ಕರ್ ಎಂದು ಲೋಕರೂಢಿಯಲ್ಲಿ ಹೆಸರಾದ ಅಮೆರಿಕದ ಚಲಚ್ಚಿತ್ರ ಅಕಾಡೆಮಿಯ ಪಾರಿತೋಷಿಕಗಳು ೧೯೪೪ರ ಮಾರ್ಚಿಯಲ್ಲಿ ಹಂಚಲ್ಪಟ್ಟಾಗ ‘ಕ್ಯಾಸಾಬ್ಲಾಂಕಾ’ವು ಅತ್ಯುತ್ತಮ ಚಿತ್ರವೆಂದು ಮನ್ನಣೆ ಪಡೆಯಿತು, ನಿರ್ದೇಶನಕ್ಕೂ ಚಿತ್ರಕಥೆಗೂ ಬಹುಮಾನಗಳು ಸಂದವು. ಆದರೆ ಬರ್ಗ್‌ಮನ್ನಳ ಹೆಸರು ಆ ವರ್ಷ ನಿರ್ದಿಷ್ಟವಾಗಿದ್ದುದು ‘ಫಾರ್ ಹೂಮ್ ದಿ ಬೆಲ್ ಟೋಲ್ಸ್’ ಚಿತ್ರದ ಪಾತ್ರಕ್ಕಾಗಿ. ಆ ಪಾರಿತೋಷಿಕವೂ ಜೆನ್ನಿಫರ್ ಜೋನ್ಸಳ ಪಾಲಾಯಿತು.

ಮೊದಲನೆಯ ಆಸ್ಕರ್ ಮರುವರ್ಷವೇ ‘ಗ್ಯಾಸ್‌ಲೈಟ್’ ಚಿತ್ರಕ್ಕಾಗಿ ಬಂದಿತು. ಪ್ಯಾಟ್ರಿಕ್ ಹ್ಯಾಮಿಲ್ಟನ್ನನ ೧೯೩೮ರ ನಾಟಕವನ್ನು ಆಧರಿಸಿ ಜಾರ್ಜ್ ಕ್ಯೂಕರನು ೧೯೪೪ರಲ್ಲಿ ನಿರ್ದೇಶಿಸಿದ ಈ ಚಿತ್ರದಲ್ಲಿ, ಪತಿಯೊಬ್ಬನು ಪತ್ನಿಗೆ ತನ್ನ ಬುದ್ಧಿಯ ಮೇಲೆಯೇ ಸಂದೇಹ ಹುಟ್ಟುವಂತೆ ಮಾಡುತ್ತಾನೆ. ಮನೆಯ ಅನಿಲದೀಪಗಳು ಕುಗ್ಗಿ ಉರಿಯುವುದನ್ನು ಕಣ್ಣಾರೆ ಕಂಡರೂ ಅದು ನಿಜವೋ ಭ್ರಾಂತಿಯೋ ಎಂದು ಆಕೆಯು ತಳಮಳಿಸುವಳು. ನವವಧುವಿನ ಹರ್ಷದಿಂದ ತೊಡಗಿ ಭಯ, ಮತಿಭ್ರಮೆಯ ಅಂಚು, ಕೊನೆಗೆ ಕ್ರೋಧ ಎಂಬ ಮೆಟ್ಟಿಲುಗಳನ್ನು ನಟಿಯು ಒಂದೊಂದಾಗಿ ಏರಿ ತೋರಿಸಿದಳು. ಇಲ್ಲಿ ಅಭಿನಯದ ಶ್ರಮವು ಎದ್ದು ಕಾಣುವುದು. ತೀರ್ಪುಗಾರರು ಅಳೆಯಬಲ್ಲುದೂ ಅದನ್ನೇ. ಇದೇ ಕಥೆಯಿಂದ ‘ಗ್ಯಾಸ್‌ಲೈಟಿಂಗ್’ ಎಂಬ ಪದವು ಇಂಗ್ಲಿಷಿನಲ್ಲಿ ಹುಟ್ಟಿತು. ೨೦೨೨ರಲ್ಲಿ ಮೆರಿಯಂ ವೆಬ್‌ಸ್ಟರ್ ನಿಘಂಟಿನವರು ಅದನ್ನು ಆ ವರ್ಷದ ಪದವೆಂದು ಆರಿಸಿದರು.

ಅನಂತರದ ಪಾತ್ರಗಳು ಆಕೆಯ ಸುತ್ತ ಪಾವಿತ್ರ್ಯದ ಪ್ರಭೆಯೊಂದನ್ನು ಕಟ್ಟಿದವು. ೧೯೪೫ರ ‘ದಿ ಬೆಲ್ಸ್ ಆಫ್ ಸೇಂಟ್ ಮೇರೀಸ್’ ಚಿತ್ರದಲ್ಲಿ ಆಕೆಯು ಸನ್ಯಾಸಿನಿ. ೧೯೪೬ರಲ್ಲಿ ನ್ಯೂಯಾರ್ಕಿನ ರಂಗಭೂಮಿಯ ಮೇಲೆ ‘ಜೋನ್ ಆಫ್ ಲೊರೇನ್’ ನಾಟಕದಲ್ಲಿ ಅಭಿನಯಿಸಿ, ಮರುವರ್ಷ ಮೊಟ್ಟಮೊದಲಾಗಿ ನೀಡಲ್ಪಟ್ಟ ಟೋನಿ ಪಾರಿತೋಷಿಕಗಳಲ್ಲಿ ಒಂದನ್ನು ಪಡೆದಳು. ೧೯೪೮ರಲ್ಲಿ ತೆರೆಯ ಮೇಲೂ ಅದೇ ಜೋನ್ ಆದಳು. ನಡುವೆ ಹಿಚ್‌ಕಾಕನ ‘ನಟೋರಿಯಸ್’ ಚಿತ್ರದಲ್ಲಿ ಕುಡುಕಿಯೂ ಲೋಕನಿಂದಿತೆಯೂ ಆದ ಅಲಿಸಿಯಾಳ ಪಾತ್ರವನ್ನು ಸೊಗಸಾಗಿ ನಿರ್ವಹಿಸಿದ್ದರೂ ಜನರು ಮನಸ್ಸಿನಲ್ಲಿಟ್ಟುಕೊಂಡುದು ಸನ್ಯಾಸಿನಿಯನ್ನು, ವೀರಕನ್ಯೆಯನ್ನು.

ಈ ಪ್ರಭೆಯು ೧೯೫೦ರಲ್ಲಿ ಒಮ್ಮೆಗೇ ಆರಿತು. ಇಟಲಿಯ ನಿರ್ದೇಶಕ ರೊಬೆರ್ಟೊ ರೊಸ್ಸೆಲ್ಲಿನಿಯ ಚಿತ್ರಗಳನ್ನು ಮೆಚ್ಚಿ ಪತ್ರ ಬರೆದ ಬರ್ಗ್‌ಮನ್, ೧೯೪೯ರಲ್ಲಿ ‘ಸ್ಟ್ರಾಂಬೊಲಿ’ ಚಿತ್ರಕ್ಕಾಗಿ ಇಟಲಿಗೆ ಹೋದವಳು ಅಲ್ಲಿಯೇ ಉಳಿದಳು. ಮೊದಲನೆಯ ವಿವಾಹಬಂಧವು ಕಾನೂನಿನಂತೆ ಮುಗಿಯುವುದಕ್ಕೆ ಮೊದಲೇ, ಆ ವರ್ಷದ ಫೆಬ್ರವರಿಯಲ್ಲಿ, ಆಕೆಗೆ ರೊಸ್ಸೆಲ್ಲಿನಿಯಿಂದ ಪುತ್ರನು ಜನಿಸಿದನು. ಮಾರ್ಚಿ ೧೪ರಂದು ಕೊಲರಾಡೊ ಪ್ರಾಂತದ ಸದಸ್ಯ ಎಡ್ವಿನ್ ಜಾನ್ಸನ್ನನು ಅಮೆರಿಕದ ಸೆನೆಟ್ ಸಭೆಯಲ್ಲಿಯೇ ಆಕೆಯನ್ನು ಕಠೋರವಾಗಿ ನಿಂದಿಸಿದುದಲ್ಲದೆ, ನಡತೆಯನ್ನು ವಿಚಾರಿಸಿ ನಟನಟಿಯರಿಗೆ ಪರವಾನಗಿ ಕೊಡುವ ಶಾಸನವನ್ನೂ ಸೂಚಿಸಿದನು. ಅಮೆರಿಕದಲ್ಲಿ ಉಳಿದ ಹಿರಿಯ ಮಗಳನ್ನು ಅಗಲಿ ಹಲವು ವರ್ಷ ಕಳೆಯಬೇಕಾದುದು ತಾಯಿಯಾಗಿ ಆಕೆಯು ತೆತ್ತ ಬೆಲೆ.

ಇಂಥ ಬಿಡುಗಡೆಗಳೂ ಮರುವಿವಾಹಗಳೂ ಹಾಲಿವುಡ್ಡಿಗೆ ಅಪರೂಪವಾಗಿರಲಿಲ್ಲ. ಜನರ ಕೋಪಕ್ಕೆ ವಿಶೇಷಕಾರಣವೆಂದರೆ ತಾವು ವಂಚಿತರಾದೆವೆಂಬ ಭಾವನೆ. ಸನ್ಯಾಸಿನಿಯು ತಪ್ಪಿ ನಡೆದಳೆಂದೇ ಅವರು ಬಗೆದರು. ಅಭಿನವಗುಪ್ತನು ನಟನನ್ನು ‘ಪಾತ್ರ’ವೆಂದು ಕರೆಯುವುದರ ಔಚಿತ್ಯವನ್ನು ವಿವರಿಸುತ್ತ, ಮದ್ಯದ ಸವಿಯು ಅದನ್ನು ತುಂಬಿದ ಪಾತ್ರೆಗೆ ತಿಳಿಯದು, ಪಾತ್ರೆಯು ಆಸ್ವಾದಕ್ಕೆ ಉಪಾಯ ಮಾತ್ರ ಎಂಬ ಅಭಿಪ್ರಾಯವನ್ನು ಸೂಚಿಸುತ್ತಾನೆ. ಪಾನಮಾಡಿದವರು ಸವಿಯನ್ನು ಪಾತ್ರೆಯ ಸ್ವಭಾವವೆಂದೇ ನಂಬಿದುದರಿಂದ ಆದ ಅನರ್ಥವಿದು.

ರೊಸ್ಸೆಲ್ಲಿನಿಯೊಡನೆ ಮಾಡಿದ ಚಿತ್ರಗಳು ಹಣವನ್ನಾಗಲಿ ಅಕಾಡೆಮಿಯ ಮನ್ನಣೆಯನ್ನಾಗಲಿ ತರಲಿಲ್ಲ. ೧೯೫೪ರ ‘ಜರ್ನಿ ಟು ಇಟಲಿ’ ಚಿತ್ರವನ್ನು ಫ್ರಾನ್ಸಿನ ತರುಣ ವಿಮರ್ಶಕರು ಹೊಸ ಚಲಚ್ಚಿತ್ರಕಲೆಗೆ ದಾರಿತೋರಿದ ಕೃತಿಯೆಂದು ಎತ್ತಿಹಿಡಿದರು. ೧೯೫೬ರಲ್ಲಿ ‘ಅನಸ್ತೇಸಿಯಾ’ ಬಂದಿತು. ಗುರುತು ಕಳೆದುಕೊಂಡ ಹೆಂಗಸೊಬ್ಬಳು ತಾನು ರಷ್ಯಾದ ರಾಜಕುಮಾರಿಯೋ ಅಲ್ಲವೋ ಎಂದು ತಾನೇ ಅರಿಯದೆ, ವೃದ್ಧ ಮಹಾರಾಣಿಯ ಮುಂದೆ ನಿಲ್ಲುವ ಕಥೆಯಿದು. ಶಾಕುಂತಲದಲ್ಲಿ ಉಂಗುರವು ಮಾಡುವ ಕೆಲಸವನ್ನು ಇಲ್ಲಿ ಹೆದರಿಕೆಯಿಂದ ಬರುವ ಒಂದು ಸಣ್ಣ ಕೆಮ್ಮು ಮಾಡುತ್ತದೆ. ಈ ಪಾತ್ರಕ್ಕೆ ೧೯೫೭ರ ಮಾರ್ಚಿಯಲ್ಲಿ ಎರಡನೆಯ ಆಸ್ಕರ್ ಸಂದಿತು. ಆಕೆಯು ಆಗ ಪ್ಯಾರಿಸ್ಸಿನಲ್ಲಿದ್ದುದರಿಂದ ನಟ ಕೇರಿ ಗ್ರಾಂಟನು ಅದನ್ನು ಸ್ವೀಕರಿಸಿದನು. ಅಭಿನಯದ ಮೆಚ್ಚುಗೆಯೊಂದಿಗೆ ಕ್ಷಮಾಪಣೆಯೂ ಅದರಲ್ಲಿ ಬೆರೆತಿದ್ದಿತೆಂದು ಹಲವರು ಎಣಿಸಿದರು. ೧೯೭೨ರಲ್ಲಿ ಇಲಿನಾಯ್ ಪ್ರಾಂತದ ಸೆನೆಟ್ ಸದಸ್ಯ ಚಾರ್ಲ್ಸ್ ಪರ್ಸಿಯು ಹಿಂದಿನ ನಿಂದೆಗೆ ಪ್ರತಿಯಾಗಿ ಆಕೆಯ ಪ್ರಶಂಸೆಯನ್ನು ಕಾಂಗ್ರೆಸ್ಸಿನ ದಾಖಲೆಯಲ್ಲಿ ಸೇರಿಸಿದನು.

ಮೂರನೆಯ ಆಸ್ಕರ್ ೧೯೭೪ರ ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ ಚಿತ್ರದ ಪೋಷಕಪಾತ್ರಕ್ಕೆ ಬಂದಿತು. ನಿರ್ದೇಶಕ ಸಿಡ್ನಿ ಲುಮೆಟ್ಟನು ರಾಜವಂಶದ ವೃದ್ಧೆಯ ಪಾತ್ರವನ್ನು ಕೊಡಬಂದಾಗ, ಸಪ್ಪೆಮುಖದ ಸ್ವೀಡಿಷ್ ಮಿಷನರಿಯ ಸಣ್ಣ ಪಾತ್ರವನ್ನು ಆಕೆಯು ಆರಿಸಿಕೊಂಡಳು. ಪಾರಿತೋಷಿಕವನ್ನು ಸ್ವೀಕರಿಸುವಾಗ ಅದು ಇಟಲಿಯ ನಟಿ ವ್ಯಾಲೆಂಟಿನಾ ಕೊರ್ಟೇಸೆಗೆ ಸಲ್ಲಬೇಕಾಗಿದ್ದಿತೆಂದು ಸಭೆಯಲ್ಲಿಯೇ ನುಡಿದಳು.

೧೯೭೮ರ ‘ಆಟಮ್ ಸೊನಾಟಾ’ ಆಕೆಯು ಸ್ವಭಾಷೆಗೆ ಮರಳಿದ ಚಿತ್ರ. ನಿರ್ದೇಶಕನು ಇಂಗ್ಮಾರ್ ಬರ್ಗ್‌ಮನ್. ಕಲೆಗಾಗಿ ಮಕ್ಕಳನ್ನು ಕಡೆಗಣಿಸಿದ ಪಿಯಾನೊವಾದಕಿಯೊಬ್ಬಳನ್ನು ಬೆಳೆದ ಮಗಳು ಒಂದು ರಾತ್ರಿ ವಿಚಾರಣೆಗೆ ನಿಲ್ಲಿಸುತ್ತಾಳೆ. ಇದಕ್ಕೆ ಅಕಾಡೆಮಿಯ ನಾಮನಿರ್ದೇಶ ಮಾತ್ರ ದೊರೆಯಿತು; ಅಂಥ ಏಳು ನಾಮನಿರ್ದೇಶಗಳಲ್ಲಿ ಇದು ಕಡೆಯದು. ಈ ಪಾತ್ರದಲ್ಲಿ ನಟಿಯು ತನ್ನ ಬಾಳನ್ನೇ ಒಪ್ಪಿಸಿದಳೆಂದು ಹೇಳುವುದು ಸುಲಭ. ಆದರೆ ಹಾಗೆ ಹೇಳುವುದು ೧೯೫೦ರ ತಪ್ಪನ್ನೇ ತಿರುವಿ ಮಾಡಿದಂತೆ. ಅಂದು ಪಾತ್ರದಿಂದ ನಟಿಯ ಶೀಲವನ್ನು ಊಹಿಸಿದರು. ಇಂದು ನಟಿಯ ಬಾಳಿನಿಂದ ಪಾತ್ರದ ಅರ್ಥವನ್ನು ಊಹಿಸಿದಂತಾಗುವುದು. ಸ್ವಾನುಭವವು ಅಭಿನಯಕ್ಕೆ ಸಾಮಗ್ರಿಯಾಗಬಹುದು, ಸಾಮಗ್ರಿಯು ಕೃತಿಯಲ್ಲ.

ಆಕೆಯು ೧೯೮೨ನೆಯ ಇಸವಿ ಆಗಸ್ಟ್ ೨೯ರಂದು, ತನ್ನ ಅರುವತ್ತೇಳನೆಯ ಹುಟ್ಟುಹಬ್ಬದ ದಿನವೇ, ಲಂಡನ್ನಿನಲ್ಲಿ ಮರಣಹೊಂದಿದಳು. ದೂರದರ್ಶನಕ್ಕಾಗಿ ಅಭಿನಯಿಸಿದ ಗೋಲ್ಡಾ ಮೇಯರಳ ಪಾತ್ರಕ್ಕೆ ಎಮ್ಮಿ ಪಾರಿತೋಷಿಕವು ಆಕೆಯ ಮರಣಾನಂತರ ಸಂದಿತು. ಇಷ್ಟೆಲ್ಲ ಮನ್ನಣೆಗಳನ್ನು ಪಡೆದವಳನ್ನು ಲೋಕವು ಇಂದಿಗೂ ಹೆಚ್ಚಾಗಿ ನೆನೆಯುವುದು ಬಹುಮಾನವಿಲ್ಲದ ಇಲ್ಸಾ ಎಂದು. ಪಾರಿತೋಷಿಕವು ನಟಿಯು ತೋರಿಸಿದುದಕ್ಕೆ ಸಲ್ಲುತ್ತದೆ. ಮೂರ್ತಿಯಾದರೋ ತೋರಿಸದೆ ಬಿಟ್ಟುದನ್ನು ಪ್ರೇಕ್ಷಕನು ತುಂಬಿಕೊಂಡುದರಿಂದ ಆಗುತ್ತದೆ. ಹಾಗೆ ತುಂಬಿಕೊಂಡುದು ತನ್ನದೆಂಬುದನ್ನು ಮರೆತು, ಅದಕ್ಕೆ ಮತ್ತೊಬ್ಬರ ಬಾಳನ್ನು ಹೊಣೆಮಾಡುವುದು ರಸಿಕತೆಯಲ್ಲ. ಕವಿಯ ಚರಿತ್ರೆಯನ್ನು ಕಾವ್ಯದಲ್ಲಿಯೂ, ಕಾವ್ಯದ ನೀತಿಯನ್ನು ಕವಿಯ ಚರಿತ್ರೆಯಲ್ಲಿಯೂ ಅರಸುವ ಅಭ್ಯಾಸವು ಸಾಹಿತ್ಯಬೋಧನೆಯಲ್ಲಿ ಬಳಕೆಯಲ್ಲಿರುವವರೆಗೂ ಬರ್ಗ್‌ಮನ್ನಳ ಈ ವೃತ್ತಾಂತವು ವಿಚಾರಾರ್ಹವಾಗಿಯೇ ಇರುವುದು.