ಪರದೇಶದ ವಿದ್ಯೆಯೂ ಮರಳಿ ಬರುವ ದಾರಿಯೂ

ಪರೀಕ್ಷೆಗಳ ಫಲಿತಾಂಶವು ಹೊರಬಿದ್ದೊಡನೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಎಷ್ಟೋ ಮನೆಗಳಲ್ಲಿ ಪರದೇಶದ ವಿದ್ಯಾಭ್ಯಾಸದ ಮಾತು ಪ್ರಾರಂಭವಾಗುತ್ತದೆ. ಯಾವ ದೇಶ, ಎಷ್ಟು ಶುಲ್ಕ, ವೀಸಾ ಎಂದಿಗೆ ದೊರೆತೀತು, ವಿಮಾನದ ಟಿಕೀಟನ್ನು ಯಾವಾಗ ಕೊಂಡರೆ ಅಗ್ಗ, ಎಂಬ ವಿಚಾರಗಳು ಸರಿರಾತ್ರಿಯವರೆಗೆ ನಡೆಯುತ್ತವೆ. ಆದರೆ ಹೋದ ನಾಡಿನಲ್ಲಿ ವಿಪತ್ತು ಒದಗಿದರೆ ಹುಡುಗನು ಯಾವ ದಾರಿಯಿಂದ ಮರಳತಕ್ಕವನು, ಆಗ ಅವನ ಕೈಯಲ್ಲಿ ಎಷ್ಟು ಹಣವಿರತಕ್ಕದ್ದು, ಮನೆಯವರು ಯಾರನ್ನು ವಿಚಾರಿಸತಕ್ಕದ್ದು ಎಂಬುದನ್ನು ಯೋಚಿಸುವವರು ವಿರಳ. ಏಜಂಟರಂತೂ ಆ ಮಾತನ್ನು ಎತ್ತುವುದೇ ಇಲ್ಲ. ಅದು ಅವರ ವ್ಯಾಪಾರಕ್ಕೆ ಒಪ್ಪುವಂಥದೂ ಅಲ್ಲ.

ಈ ಪ್ರಶ್ನೆಯ ಗಾಂಭೀರ್ಯವನ್ನು ನಮ್ಮ ಜಿಲ್ಲೆಯು 2022ರಲ್ಲಿ ದಾರುಣವಾಗಿ ಅರಿತುಕೊಂಡಿತು. ರಾಣೆಬೆನ್ನೂರು ತಾಲೂಕಿನ ಚಳಗೇರಿಯ ತರುಣನೊಬ್ಬನು ಉಕ್ರೇನಿನ ಖಾರ್ಕೀವ ನಗರದಲ್ಲಿ ವೈದ್ಯಕೀಯ ವಿದ್ಯೆಯ ನಾಲ್ಕನೆಯ ವರ್ಷದಲ್ಲಿದ್ದನು. ಮಾರ್ಚ್ 1ರಂದು, ಆಹಾರ ಸಾಮಗ್ರಿಯನ್ನು ತರಲು ಹೊರಬಂದಿದ್ದಾಗ, ಅವನು ಶೆಲ್ ದಾಳಿಗೆ ಬಲಿಯಾದನು. ಪಾರ್ಥಿವ ಶರೀರವು ಮಾರ್ಚ್ 21ರಂದು ಬೆಂಗಳೂರಿಗೆ ಬಂದಿತು. ತಂದೆತಾಯಿಗಳು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜೊಂದಕ್ಕೆ ದಾನವಾಗಿ ಕೊಟ್ಟರು. ಪಿಯುಸಿಯಲ್ಲಿ ಶೇಕಡಾ 97ರಷ್ಟು ಅಂಕ ಬಂದಿದ್ದರೂ ಸ್ವದೇಶದಲ್ಲಿ ಸ್ಥಾನ ದೊರೆಯಲಿಲ್ಲವೆಂದು ಆ ತಂದೆ ಅಂದು ಆಡಿದ ಮಾತು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಹಾವೇರಿಗೆ ತನ್ನದೇ ಆದ ಸರಕಾರಿ ವೈದ್ಯಕೀಯ ಕಾಲೇಜು ದೊರೆತುದು ಅದೇ 2022ನೆಯ ವರ್ಷದಲ್ಲಿ.

ಆ ದಿನಗಳ ಘಟನಾಕ್ರಮವನ್ನು ಸಮಾಧಾನದಿಂದ ನೋಡಬೇಕು. ಅವಶ್ಯವಲ್ಲದವರು ತಾತ್ಕಾಲಿಕವಾಗಿ ಉಕ್ರೇನನ್ನು ಬಿಡುವ ವಿಚಾರ ಮಾಡಬಹುದೆಂದು ಭಾರತೀಯ ರಾಯಭಾರಿ ಕಚೇರಿಯು ಫೆಬ್ರುವರಿ 15ರಂದು ಸೂಚಿಸಿತು. ಆನ್‌ಲೈನ್ ಪಾಠದ ನಿರ್ಧಾರಕ್ಕೆ ಕಾಯದೆ ಹೊರಡಿರೆಂದು ಅದು ವಿದ್ಯಾರ್ಥಿಗಳಿಗೆ ಹೇಳಿದ್ದು 22ರಂದು. 24ರಂದು ಯುದ್ಧವು ಪ್ರಾರಂಭವಾಗಿ ಆಕಾಶಮಾರ್ಗವೇ ಮುಚ್ಚಿತು. ಮೊದಲ ಸೂಚನೆಗೂ ಯುದ್ಧಕ್ಕೂ ನಡುವೆ ಉಳಿದದ್ದು ಒಂಬತ್ತೇ ದಿನ. ಆ ಒಂಬತ್ತು ದಿನಗಳಲ್ಲಿ ಸಹಸ್ರಾವಧಿ ಭಾರತೀಯ ವಿದ್ಯಾರ್ಥಿಗಳನ್ನು ಅಲ್ಲಿ ಕಟ್ಟಿ ನಿಲ್ಲಿಸಿದ ಕಾರಣಗಳಲ್ಲಿ ಹಾಜರಿ ತಪ್ಪೀತೆಂಬ ಭಯವೂ ಟಿಕೀಟಿನ ಬೆಲೆಯೂ ದೊಡ್ಡವು. ಸಾಲಮಾಡಿ ಕಳುಹಿದ ಮನೆಯ ಮಗನು ವರ್ಷವೊಂದು ಹಾಳಾದೀತೆಂದು ಹೆದರಿದರೆ ಅವನನ್ನು ತಪ್ಪುಗಾರನೆನ್ನುವುದು ಯಾರಿಗೂ ಶೋಭಿಸದು. ಆದರೆ ಮರಳಿ ಬರುವ ಟಿಕೀಟಿನ ಹಣವನ್ನು ಶುಲ್ಕದ ಲೆಕ್ಕದೊಳಗೆ ಸೇರಿಸದೆ ಪ್ರತ್ಯೇಕವಾಗಿ ಕಾದಿಡುವುದೂ, ಅದನ್ನು ಯಾರನ್ನೂ ಕೇಳದೆ ಬಳಸಲು ಮಗನಿಗೆ ಮೊದಲೇ ಅನುಮತಿ ಕೊಟ್ಟಿರುವುದೂ ಮನೆಯವರ ಕೈಯಲ್ಲಿರುವ ಕೆಲಸ.

ಭೂಪಟವನ್ನೂ ನೋಡತಕ್ಕದ್ದು. ಖಾರ್ಕೀವವು ರಶಿಯದ ಗಡಿಯಿಂದ ಸುಮಾರು 40 ಕಿಲೋಮೀಟರು. ಪಾರಾಗುವ ದಾರಿಗಳಿದ್ದುದು ಸಾವಿರ ಕಿಲೋಮೀಟರಿಗೂ ಆಚೆ, ಪೋಲಂಡ, ಹಂಗೇರಿ, ರುಮೇನಿಯಗಳ ಗಡಿಯಲ್ಲಿ. ಕಾಲೇಜಿನ ಕಟ್ಟಡದ ಚಿತ್ರವನ್ನು ತೋರಿಸುವ ಏಜಂಟನು ಈ ದೂರವನ್ನು ತೋರಿಸುವುದಿಲ್ಲ.

ನಮ್ಮ ಸೀಮೆಗೆ ಪರದೇಶದ ವಿದ್ಯೆ ಹೊಸದೇನೂ ಅಲ್ಲ. ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸಫರ್ಡಿಗೆ ತೆರಳಿ, ಎರಡು ವರ್ಷಗಳಲ್ಲಿ ಪ್ರಥಮ ಶ್ರೇಣಿಯೊಡನೆ ಮರಳಿದರು. ಆ ಪ್ರವಾಸವು ಕನ್ನಡಕ್ಕೆ ‘ಸಮುದ್ರದಾಚೆಯಿಂದ’ ಎಂಬ ಗ್ರಂಥವನ್ನೂ ‘ಸಮುದ್ರ ಗೀತೆಗಳು’ ಎಂಬ ಕವನಸಂಗ್ರಹವನ್ನೂ ತಂದಿತು. ಹಡಗಿನ ದೀರ್ಘ ಪ್ರಯಾಣದಲ್ಲಿ ಹೊಸ ನಾಡಿಗೆ ಮನಸ್ಸನ್ನು ಸಜ್ಜುಗೊಳಿಸಲು ಅಂದಿನವರಿಗೆ ದಿನಗಳು ದೊರೆಯುತ್ತಿದ್ದವು. ಇಂದಿನ ಹುಡುಗನು ಸಂಜೆ ಹಾವೇರಿಯ ರೊಟ್ಟಿಯನ್ನುಂಡು ಹೊರಟರೆ ಎರಡು ದಿನಗಳೊಳಗೆ ಹಿಮದಲ್ಲಿ ನಿಂತಿರುತ್ತಾನೆ. ಆದುದರಿಂದ ಹಡಗಿನಲ್ಲಿ ಆಗುತ್ತಿದ್ದ ಸಿದ್ಧತೆಯು ಈಗ ಮನೆಯಲ್ಲಿಯೇ ಆಗತಕ್ಕದ್ದು.

ಆ ಸಿದ್ಧತೆಯಲ್ಲಿ ಮೊದಲನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ಲು, ಆಧಾರದಲ್ಲಿ ತಂದೆಯ ಹೆಸರು, ಪಾಸಪೋರ್ಟಿನಲ್ಲಿ ಅಡ್ಡಹೆಸರು, ಹೀಗೆ ಒಬ್ಬನೇ ಹುಡುಗನು ಮೂವರಾಗಿ ಕಾಣಿಸಿಕೊಳ್ಳುವುದುಂಟು. ಊರಿನ ಹೆಸರಿನದೂ ಇದೇ ಪಾಡು. ರಾಣೆಬೆನ್ನೂರನ್ನು ಇಂಗ್ಲಿಷಿನಲ್ಲಿ ರೇಲ್ವೆಯವರು ಒಂದು ಬಗೆಯಾಗಿ ಬರೆದರೆ ಕಚೇರಿಯವರು ಮತ್ತೊಂದು ಬಗೆಯಾಗಿ ಬರೆಯುತ್ತಾರೆ. ಇವನ್ನೆಲ್ಲ ಒಂದುಗೂಡಿಸದೆ ಹುಬ್ಬಳ್ಳಿಯ ಪಾಸಪೋರ್ಟು ಕೇಂದ್ರಕ್ಕೆ ಹೋದರೆ ಅಲೆದಾಟ ತಪ್ಪದು.

ಎರಡನೆಯದು ಸಾಲ. ಏಳೂವರೆ ಲಕ್ಷ ರೂಪಾಯಿಗಳನ್ನು ಮೀರಿದ ವಿದ್ಯಾಭ್ಯಾಸದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರವನ್ನು ಕೇಳುತ್ತವೆ. ರೈತನು ನಂಬಿಕೆಯಿಂದ ಹೊಲದ ಉತಾರವನ್ನು ಮುಂದಿಡುತ್ತಾನೆ. ಆದರೆ ಒತ್ತೆಯ ಆಸ್ತಿಯಿಂದ ಸಾಲ ವಸೂಲುಮಾಡುವ 2002ರ ಕಾಯಿದೆಯು ಕೃಷಿಭೂಮಿಗೆ ಅನ್ವಯಿಸದಾದುದರಿಂದ ಬ್ಯಾಂಕಿನವರು ಹೊಲಕ್ಕಿಂತ ಪಟ್ಟಣದ ಮನೆಯನ್ನೂ ನಿವೇಶನವನ್ನೂ ಬಯಸುತ್ತಾರೆ. ಪ್ರವೇಶಪತ್ರ ಬಂದ ಮೇಲೆ ಇದು ತಿಳಿದುಬಂದರೆ ಉಳಿಯುವುದು ಖಾಸಗಿ ಬಡ್ಡಿಯ ಸಾಲವೊಂದೇ.

ವೈದ್ಯಕೀಯಕ್ಕೆ ಹೋಗುವವರು 2021ರ ನವಂಬರದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊರಡಿಸಿದ ನಿಯಮಗಳನ್ನು ಸ್ವತಃ ಓದಬೇಕು. ಕನಿಷ್ಠ 54 ತಿಂಗಳ ಶಿಕ್ಷಣ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನಶಿಪ್, ಇಂಗ್ಲಿಷ್ ಮಾಧ್ಯಮ, ಆ ದೇಶದಲ್ಲಿಯೇ ವೈದ್ಯವೃತ್ತಿಯನ್ನು ನಡೆಸುವ ಅರ್ಹತೆ, ಇವುಗಳಲ್ಲಿ ಒಂದು ತಪ್ಪಿದರೂ ಪದವಿಯು ಇಲ್ಲಿ ನಡೆಯದು.

ಪ್ರಯಾಣಕ್ಕೆ ಬಂದರೆ, ದೇವನಹಳ್ಳಿಯ ವಿಮಾನನಿಲ್ದಾಣವು ಬೆಂಗಳೂರಿನ ಆಚೆಯ ತುದಿಗಿದೆ. ಅದೇ ದಿನದ ರೈಲನ್ನು ನಂಬದೆ ಹಿಂದಿನ ದಿನವೇ ತಲುಪಿರುವುದು ಲೇಸು. ಗಂಟಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಇಲ್ಲದೆ ನಮ್ಮ ತಾಯಂದಿರು ಯಾರನ್ನೂ ಕಳುಹುವುದಿಲ್ಲ. ಆಸ್ಟ್ರೇಲಿಯಕ್ಕೆ ಹೋಗುವವರು ಇಂಥ ತಿನಿಸನ್ನು ಇಳಿಯುವಾಗ ಬರೆದು ತಿಳಿಸಲೇಬೇಕು, ಇಲ್ಲವಾದರೆ ದಂಡ. ಧಾರವಾಡ ಪೇಢೆಯಾದರೋ ಹಾಲಿನ ಪದಾರ್ಥ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ತರುವುದಕ್ಕೆ ಯುರೋಪಿಯ ಒಕ್ಕೂಟದಲ್ಲಿ ನಿಷೇಧವಿದೆ. ಅದನ್ನು ಇಲ್ಲಿಯೇ ತಿಂದು ಹೋಗುವುದು ಮೇಲು! ಜರ್ಮನಿಯಲ್ಲಿ ಮನೆಹಿಡಿದ ಎರಡು ವಾರಗಳೊಳಗೆ ವಿಳಾಸವನ್ನು ನಗರ ಕಚೇರಿಯಲ್ಲಿ ದಾಖಲಿಸಬೇಕು. ಯಾವ ದೇಶವೇ ಆಗಲಿ, ಮೊದಲ ವಾರದಲ್ಲಿಯೇ ಭಾರತೀಯ ರಾಯಭಾರಿ ಕಚೇರಿಗೆ ಹೆಸರು, ವಿಳಾಸಗಳನ್ನು ತಿಳಿಸಿಡತಕ್ಕದ್ದು.

ಇನ್ನು ಅಧಿಕಾರಿವರ್ಗಕ್ಕೆ ನಮ್ಮದೊಂದು ಅರಿಕೆ. ಜಿಲ್ಲೆಯ ಯಾವ ಯಾವ ಮನೆಯ ಮಕ್ಕಳು ಯಾವ ದೇಶದಲ್ಲಿದ್ದಾರೆಂಬುದನ್ನು ಯುದ್ಧ ಪ್ರಾರಂಭವಾದ ಮೇಲೆ ಹುಡುಕುವುದಕ್ಕಿಂತ ಮೊದಲೇ ಬರೆದಿಡಬಹುದು. ತಹಶೀಲದಾರರ ಕಚೇರಿಯಲ್ಲಿ ಒಂದು ದಾಖಲೆಯ ಪುಸ್ತಕವಿರಲಿ. ಹೊರಡುವ ಹುಡುಗ ಹುಡುಗಿಯರ ಹೆಸರು, ವಿಶ್ವವಿದ್ಯಾಲಯ, ಅಲ್ಲಿಯ ವಿಳಾಸ, ಮನೆಯ ಫೋನು ಇಷ್ಟನ್ನು ತಂದೆತಾಯಿಗಳು ಇಚ್ಛೆಯಿದ್ದರೆ ಬರೆಯಿಸಲಿ. ವರ್ಷಕ್ಕೊಮ್ಮೆ ಅದನ್ನು ತಿದ್ದಲಿ. ಇದಕ್ಕೆ ಹೊಸ ಇಲಾಖೆಯೂ ಬೇಡ, ಬೆಂಗಳೂರಿನ ಅಪ್ಪಣೆಗಾಗಿ ಕಾಯುವುದೂ ಬೇಡ. ಬರುವ ಪ್ರವೇಶಕಾಲಕ್ಕೆ ಮುಂಚೆಯೇ ರಾಣೆಬೆನ್ನೂರಿನಲ್ಲಿ ಪ್ರಾರಂಭಿಸಬಹುದು.