ಆಟದ ದೋಣಿಗೊಂದು ದಿಕ್ಕುಶೋಧಕ: ಹತ್ತನೆಯ ತರಗತಿಯ ಗಣಿತ ಪಾಠಕ್ಕೆ ಒಂದು ಸಾಮಗ್ರಿ

ತ್ರಿಕೋನಮಿತಿಯ ಅಭ್ಯಾಸ ಪಾಠಗಳಲ್ಲಿ ಕಟ್ಟಡದ ಎತ್ತರ ಮತ್ತು ಗೋಡೆಗೆ ಒರಗಿಸಿದ ಏಣಿ ಬಿಟ್ಟರೆ ಬೇರೆ ಉದಾಹರಣೆ ಕಾಣುವುದು ಕಡಿಮೆ. ವಿದ್ಯಾರ್ಥಿಗಳಿಗೆ ಉತ್ತರ ಬರುತ್ತದೆ, ಆದರೆ ಅದು ಯಾರಿಗೆ ಬೇಕಾಗಿತ್ತು ಎಂಬುದು ತಿಳಿಯುವುದಿಲ್ಲ. ಉತ್ತರ ನಿಜವಾಗಿ ಬೇಕಾಗುವ ಒಂದು ಸಂದರ್ಭ ಸ್ಟಾರ್ಮ್‌ವರ್ಕ್ಸ್ ಎಂಬ ಕಂಪ್ಯೂಟರ್ ಆಟದಲ್ಲಿದೆ. 2018ರಲ್ಲಿ ಆಟಗಾರರ ಕೈಗೆ ಬಂದ ಈ ಆಟದಲ್ಲಿ ದೋಣಿ, ಹೆಲಿಕಾಪ್ಟರ್‌ಗಳನ್ನು ಬಿಡಿಭಾಗಗಳಿಂದ ತಾವೇ ಕಟ್ಟಿ, ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದವರನ್ನು ಹುಡುಕಿ ರಕ್ಷಿಸಬೇಕು.

ಮುಳುಗುತ್ತಿರುವ ಹಡಗಿನಲ್ಲಿ ಸಂಕೇತ ಕಳಿಸುವ ಬೀಕನ್ ಇದೆ ಎನ್ನೋಣ. ನಮ್ಮ ದೋಣಿಯಲ್ಲಿ ಅದನ್ನು ಗ್ರಹಿಸುವ ಲೊಕೇಟರ್ ಇದೆ. ಲೊಕೇಟರ್ ದಿಕ್ಕನ್ನು ಹೇಳುವುದಿಲ್ಲ. ಮಿಡಿತಗಳನ್ನು ಮಾತ್ರ ಕೊಡುತ್ತದೆ. ಬೀಕನ್ ದೂರವಾದಷ್ಟೂ ಎರಡು ಮಿಡಿತಗಳ ನಡುವಿನ ಅಂತರ ಹೆಚ್ಚುತ್ತದೆ. ಅಂದರೆ ಕೈಗೆ ಸಿಗುವುದು ದೂರ ಒಂದೇ. ದಿಕ್ಕು ಬೇಕಿದ್ದರೆ ಆಟಗಾರನೇ ಲೆಕ್ಕ ಕಟ್ಟಬೇಕು. ನಮ್ಮ ಪಾಠ ಹುಟ್ಟುವುದು ಇಲ್ಲಿಯೇ.

ದೋಣಿ ನೇರವಾಗಿ 1000 ಮೀಟರ್ ಸಾಗಿತು, ಬೀಕನ್ನಿನ ದೂರ 500 ಮೀಟರ್ ಕಡಿಮೆಯಾಯಿತು. ಹೊರಟ ಸ್ಥಳದಿಂದ ಬೀಕನ್‌ಗೆ ಒಂದು ಗೆರೆ ಎಳೆಯಿರಿ. ದೋಣಿಯ ಹೊಸ ಸ್ಥಾನದಿಂದ ಆ ಗೆರೆಗೆ ಲಂಬ ಇಳಿಸಿ. ದೊರೆಯುವ ಲಂಬಕೋನ ತ್ರಿಭುಜದಲ್ಲಿ ವಿಕರ್ಣ 1000 ಮೀಟರ್, ಪಾರ್ಶ್ವಬಾಹು ಸುಮಾರು 500 ಮೀಟರ್. ಕೊಸೈನ್ ಬೆಲೆ ಅರ್ಧ, ಆದ್ದರಿಂದ ಕೋನ 60°. ದೋಣಿಯ ಮೂತಿಯಿಂದ 60° ಓರೆಯಲ್ಲಿ ಬೀಕನ್ ಇದೆ.

ಯಾವ ಕಡೆಗೆ, ಎಡಕ್ಕೋ ಬಲಕ್ಕೋ? ಇದನ್ನು ಶಿಕ್ಷಕರು ಹೇಳಿಬಿಡಬಾರದು. ಲೆಕ್ಕದಲ್ಲಿ ಅದಕ್ಕೆ ಉತ್ತರವಿಲ್ಲ ಎಂಬುದನ್ನು ಮಕ್ಕಳೇ ಕಾಣಲಿ. ದೋಣಿಯನ್ನು ಎಡಕ್ಕೆ 60° ತಿರುಗಿಸಿ ಮತ್ತೆ ಸಾಗಿದರೆ, ಊಹೆ ಸರಿಯಿದ್ದಲ್ಲಿ ಸಾಗಿದಷ್ಟೇ ದೂರ ಕಡಿಮೆಯಾಗುತ್ತದೆ. ತಪ್ಪಿದ್ದರೆ ದೂರ ಹೆಚ್ಚುತ್ತದೆ.

‘ಸುಮಾರು’ ಎಂಬ ಪದವನ್ನು ಪಾಠದಲ್ಲಿ ಬಚ್ಚಿಡಬೇಡಿ. ಬೀಕನ್ 20 ಕಿ.ಮೀ. ದೂರದಲ್ಲಿದ್ದು ಕೋನ ನಿಜವಾಗಿ 60° ಆಗಿದ್ದರೆ, 1000 ಮೀಟರ್ ಸಾಗಿದಾಗ ದೂರ ಸುಮಾರು 480 ಮೀಟರ್ ಇಳಿಯುತ್ತದೆ. ನಮ್ಮ ಲೆಕ್ಕ ಸಾಕಷ್ಟು ನಡೆಯುತ್ತದೆ. ಬೀಕನ್ 2 ಕಿ.ಮೀ. ದೂರದಲ್ಲೇ ಇದ್ದರೆ ಇಳಿಕೆ 268 ಮೀಟರ್ ಮಾತ್ರ. ಅದೇ ಸೂತ್ರ ಆಗ 74° ಎಂದು ಹೇಳಿ ದಾರಿ ತಪ್ಪಿಸುತ್ತದೆ. ಹತ್ತಿರ ಬಂದ ಮೇಲೆ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಅಳೆಯಬೇಕು ಎಂದು ಯಾರಾದರೂ ಮಕ್ಕಳು ಹೇಳಿದರೆ ಆ ದಿನದ ಪಾಠ ಗೆದ್ದಂತೆ.

ದೋಣಿಯ ದಿಕ್ಸೂಚಿಯೂ ಒಂದು ಕಲಿಕಾಂಶ. ಆಟದ ದಿಕ್ಸೂಚಿ ಡಿಗ್ರಿಯಲ್ಲಿ ಅಲ್ಲ, ಸುತ್ತಿನ ಭಾಗಗಳಲ್ಲಿ ಅಂಕಿ ಕೊಡುತ್ತದೆ: ಕಾಲು ಸುತ್ತು ಎಂದರೆ 0.25, ಅಂದರೆ 90°. ಅದಕ್ಕಿಂತ ತೊಡಕಿನದು ಇನ್ನೊಂದಿದೆ. ನಾವಿಕರು ಕೋನವನ್ನು ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸುತ್ತಾರೆ, ಗಣಿತದ ಪುಸ್ತಕ ಎಕ್ಸ್ ಅಕ್ಷದಿಂದ ಅಪ್ರದಕ್ಷಿಣವಾಗಿ ಎಣಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಲು 90°ಯಿಂದ ಕಳೆಯಬೇಕು. ಇದನ್ನು ಮೊದಲೇ ಕಪ್ಪುಹಲಗೆಯಲ್ಲಿ ಬರೆಯದಿದ್ದರೆ ಅರ್ಧ ತರಗತಿಯ ದೋಣಿಗಳು ಅಡ್ಡದಾರಿ ಹಿಡಿಯುತ್ತವೆ.

ನಿಜವಾದ ರೇಡಿಯೊ ದಿಕ್ಕುಶೋಧನೆಯ ಒಂದು ವಿಧಾನ ಆಂಟೆನಾ ತಿರುಗಿಸುವುದು. ಇದನ್ನು ತೋರಿಸಲು ಹಳೆಯ ಟ್ರಾನ್ಸಿಸ್ಟರ್ ಸಾಕು. ಮಧ್ಯಮ ತರಂಗದ ಒಂದು ಕೇಂದ್ರ ಹಿಡಿದು, ರೇಡಿಯೊವನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸಿ. ಒಳಗಿನ ಫೆರೈಟ್ ಸರಳಿನ ತುದಿ ಪ್ರಸಾರಕದ ಕಡೆ ನೆಟ್ಟಾಗ ಧ್ವನಿ ಕುಗ್ಗುತ್ತದೆ. ಸಂಕೇತ ತೀರ ಪ್ರಬಲವಾಗಿದ್ದರೆ ರೇಡಿಯೊ ತಾನೇ ಧ್ವನಿಯನ್ನು ಸಮ ಮಾಡಿಕೊಳ್ಳುವುದರಿಂದ ವ್ಯತ್ಯಾಸ ಗೊತ್ತಾಗದು. ದೂರದ ಕೇಂದ್ರವೇ ಒಳ್ಳೆಯದು.

ಜೋರಾದ ಸ್ಥಾನ ಬಿಟ್ಟು ಕ್ಷೀಣ ಸ್ಥಾನವನ್ನೇ ಏಕೆ ಹುಡುಕಬೇಕು? ಕೋಷ್ಟಕ ನೋಡಿ. ಗರಿಷ್ಠದಿಂದ 10° ಸರಿದರೆ ಸಂಕೇತ 1ರಿಂದ 0.985ಕ್ಕೆ ಇಳಿಯುತ್ತದೆ, ಕಿವಿಗೆ ತಿಳಿಯುವುದೇ ಇಲ್ಲ. ಸೊನ್ನೆಯಿಂದ 10° ಸರಿದರೆ 0.174ಕ್ಕೆ ಏರುತ್ತದೆ. ಸೈನ್, ಕೊಸೈನ್ ಕೋಷ್ಟಕಕ್ಕೆ ಇಷ್ಟು ಒಳ್ಳೆಯ ಉಪಯೋಗ ಪಠ್ಯದಲ್ಲಿ ನಾನು ಕಂಡಿಲ್ಲ. ಇಲ್ಲಿಯೂ ಒಂದು ಸಂದಿಗ್ಧ ಉಳಿಯುತ್ತದೆ: ಸರಳಿಗೆ ಎರಡು ತುದಿ, ಕೇಂದ್ರ ಯಾವ ತುದಿಯ ಕಡೆಗಿದೆ ಎಂದು ಧ್ವನಿ ಹೇಳುವುದಿಲ್ಲ.

ಇದು ಬರೀ ಆಟದ ಮಾತಲ್ಲ. ಹಡಗು, ವಿಮಾನಗಳ ಅಪಾಯ ಬೀಕನ್‌ಗಳು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಗಳಿಗೆ ಕೂಗುತ್ತವೆ. ಭಾರತದಲ್ಲಿ ಆ ಸಂದೇಶ ಬರುವ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರ್ಯಾಕ್ ಆವರಣದಲ್ಲಿದೆ. ಹುಡುಕುವವರು ಹತ್ತಿರ ಬಂದ ಮೇಲೆ ದಿಕ್ಕು ಹಿಡಿಯಲೆಂದು ಹಲವು ಬೀಕನ್‌ಗಳು 121.5 ಮೆಗಾಹರ್ಟ್ಸ್‌ನಲ್ಲೂ ಸಂಕೇತ ಕಳಿಸುತ್ತವೆ. ಅಲೆಗಳ ನಡುವೆ ಒಂದು ತಲೆಯನ್ನು ಕಣ್ಣಿನಿಂದ ಹುಡುಕುವುದು ಎಷ್ಟು ಕಷ್ಟ ಎಂದು ಮಕ್ಕಳಿಗೆ ಹೇಳಬೇಕಾಗಿಲ್ಲ, ಕೇಳಿದರೆ ಅವರೇ ಹೇಳುತ್ತಾರೆ.

ಕಂಪ್ಯೂಟರ್ ಇಲ್ಲದ ಶಾಲೆಯಲ್ಲಿ ಗ್ರಾಫ್ ಹಾಳೆ ಸಾಕು. ಶಿಕ್ಷಕರು ತಮ್ಮ ಹಾಳೆಯಲ್ಲಿ (8, 6) ಬಿಂದುವನ್ನು ಗುಟ್ಟಾಗಿ ಗುರುತಿಸಿರಲಿ. ಗುಂಪಿನವರು ದೋಣಿಯ ಸ್ಥಾನ ಹೇಳಲಿ, ಶಿಕ್ಷಕರು ದೂರ ಮಾತ್ರ ಹೇಳಲಿ. (0, 0) ಎಂದರೆ 10. (8, 0) ಎಂದರೆ 6. ಕೈವಾರದಿಂದ ಎರಡು ವೃತ್ತ ಎಳೆದರೆ (8, 6) ಮತ್ತು (8, –6) ಎರಡೂ ಸಿಗುತ್ತವೆ. ಎಕ್ಸ್ ಅಕ್ಷದ ಮೇಲೆಯೇ ಸಾಗುತ್ತಿರುವ ಗುಂಪಿಗೆ ಎಷ್ಟು ಬಾರಿ ಕೇಳಿದರೂ ಈ ಗೊಂದಲ ಬಿಡಿಸದು. (8, 3) ಎಂದು ಕೇಳಿದವರಿಗೆ 3 ಎಂಬ ಉತ್ತರ ಸಿಕ್ಕಿ ಬೀಕನ್ ಮೇಲ್ಗಡೆ ಇರುವುದು ಖಚಿತವಾಗುತ್ತದೆ. ಕೆಳಗಿದ್ದಿದ್ದರೆ 9 ಬರುತ್ತಿತ್ತು.

ನಲವತ್ತು ನಿಮಿಷದ ಅವಧಿಗೆ ಇಷ್ಟೂ ಹಿಡಿಸದು. ಮೊದಲ ದಿನ ಗ್ರಾಫ್ ಹಾಳೆ, ಎರಡನೆಯ ದಿನ ಕೊಸೈನ್ ಲೆಕ್ಕ ಮತ್ತು ಟ್ರಾನ್ಸಿಸ್ಟರ್ ಇಟ್ಟುಕೊಳ್ಳಿ. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ದೋಣಿ 1000 ಮೀಟರ್ ಸಾಗಿದರೂ ದೂರ ಹೆಚ್ಚುಕಡಿಮೆ ಬದಲಾಗಲಿಲ್ಲ. ಬೀಕನ್ ಎಲ್ಲಿದೆ, ಮುಂದೆ ದೋಣಿಯನ್ನು ಯಾವ ಕಡೆ ತಿರುಗಿಸುತ್ತೀರಿ?