ಏಳೂವರೆ ಬಸ್ಸಿಗೆ ಮುಂಚೆ ಎರಡು ಜಡೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕಕ್ಕೆ ಎಲ್ಲವೂ ತುಮಕೂರೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಮಾತ್ರ ಮಧುಗಿರಿಗೆ ಬೇರೆ ಸಾಲು. ಬೆಳಗ್ಗೆ ಏಳರ ಹೊತ್ತಿಗೆ ಇಲ್ಲಿನ ಹಳ್ಳಿಗಳ ಜಗಲಿ ಮೇಲೆ ಮಗಳು ಕೂತಿರುತ್ತಾಳೆ, ಹಿಂದೆ ಅಮ್ಮನೋ ಅಜ್ಜಿಯೋ ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡು ಬೈತಲೆ ತೆಗೆಯುತ್ತಿರುತ್ತಾರೆ. ಬಸ್ಸು ಕಾಯುವುದಿಲ್ಲ. ಕೆಲವು ಮಕ್ಕಳ ಎರಡು ಜಡೆ ಐದೇ ನಿಮಿಷಕ್ಕೆ ಮುಗಿಯುತ್ತದೆ. ಕೆಲವರಿಗೆ ಇಪ್ಪತ್ತು ನಿಮಿಷ, ಜೊತೆಗೆ ಕಣ್ಣೀರು. ಈ ವ್ಯತ್ಯಾಸ ಬಹುಮಟ್ಟಿಗೆ ಹಿಂದಿನ ರಾತ್ರಿಯೇ ತೀರ್ಮಾನವಾಗಿರುತ್ತದೆ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಶಿರಾ ಸೀಮೆಯ ಕುರಿಯ ಉಣ್ಣೆಯೂ ಅದೇ. ಉಣ್ಣೆಯಿಂದಲೇ ಕೂದಲಿನ ಗುಟ್ಟು ತಿಳಿದದ್ದು: 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ ಉಣ್ಣೆಗೆ ಎಕ್ಸ್‌ರೇ ಹಾಯಿಸಿ, ಎಳೆದಾಗ ಅದರ ಅಣುಗಳ ಜೋಡಣೆಯೇ ಬದಲಾಗುವುದನ್ನು ಕಂಡರು. 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಆ ಅಣುವಿನ ಸುರುಳಿಯಾಕಾರವನ್ನು ವಿವರಿಸಿದರು. ಸುರುಳಿಗಳನ್ನು ಹಿಡಿದಿಡುವ ಗಂಧಕದ ಬಂಧಗಳು ಗಟ್ಟಿ, ನೀರಿಗೆ ಬಗ್ಗುವುದಿಲ್ಲ. ಹೈಡ್ರೋಜನ್ ಬಂಧಗಳು ಮೆತ್ತಗೆ, ಆದರೆ ಲೆಕ್ಕವಿಲ್ಲದಷ್ಟು. ನೀರು ತಗಲಿದರೆ ಬಿಟ್ಟುಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡುತ್ತವೆ. ಆಗ ಕೂದಲು ಹೇಗೆ ಮಲಗಿತ್ತೋ ಹಾಗೇ ನಿಲ್ಲುತ್ತದೆ.

ಒದ್ದೆ ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ನೀರು ಹೀರಿ ದಪ್ಪವಾಗುತ್ತದೆ. ಬುಡದಿಂದ ತುದಿಯ ಕಡೆಗೆ ಹೆಂಚು ಹೊದಿಸಿದಂತೆ ಕೂತಿರುವ ಅದರ ಹೊರಪದರದ ಅಂಚುಗಳು ಏಳುತ್ತವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅಂಥ ತಲೆಯನ್ನು ಬೆಳಗ್ಗೆ ಅವಸರದಲ್ಲಿ ಬಾಚಿದರೆ ಕೂದಲು ರಬ್ಬರಿನಂತೆ ಹಿಗ್ಗಿ ತುಂಡಾಗುತ್ತದೆ. ಶಾಲೆಯಿರುವ ದಿನ ಬೆಳಗ್ಗೆ ತಲೆಸ್ನಾನ ಬೇಡ. ಹಿಂದಿನ ಸಂಜೆಯೇ ಮುಗಿಸಿ, ಪೂರ್ತಿ ಒಣಗಿಸಿ, ಸಿಕ್ಕು ಬಿಡಿಸಿ, ಸಡಿಲವಾಗಿ ಒಂದು ಜಡೆ ಹಾಕಿ ಮಲಗಿಸಬೇಕು. ಬಿಚ್ಚುಗೂದಲು ರಾತ್ರಿಯೆಲ್ಲಾ ದಿಂಬಿಗೆ ಉಜ್ಜಿ ಗಂಟಾಗುತ್ತದೆ, ಹೆಣೆದದ್ದು ಆಗುವುದಿಲ್ಲ. ಬೆಳಗ್ಗೆ ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯಿಂದ ಶುರು ಮಾಡಿ ಮೇಲಕ್ಕೆ ಬಂದರೆ ಸಾಕು.

ಈ ತಾಲ್ಲೂಕುಗಳಲ್ಲಿ ನೀರಿನ ಮಾತು ಬಿಡುವಂತಿಲ್ಲ. ಬಹಳಷ್ಟು ಊರುಗಳಿಗೆ ಕಲ್ಲುಬಂಡೆ ಕೊರೆದು ತೆಗೆದ ಬೋರ್ ನೀರೇ ಗತಿ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ, ನೊರೆ ಬರುವ ಬದಲು ಬಿಳಿ ಜಿಡ್ಡಾಗಿ ಕೂದಲಿಗೆ ಅಂಟುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಪಾವಗಡದ ಕಡೆ ಕೂದಲಿನ ತೊಂದರೆಗೂ ಫ್ಲೋರೈಡನ್ನೇ ಬೈಯುವವರುಂಟು. ಫ್ಲೋರೈಡ್ ಹಲ್ಲು, ಮೂಳೆಗಳಿಗೆ ನಿಜವಾದ ಶತ್ರು. ನೊರೆ ಕೆಡಿಸುವುದು ಗಡಸುತನ. ಸೀಗೆಕಾಯಿ, ಅಂಟುವಾಳಗಳಲ್ಲಿರುವ ಸ್ಯಾಪೊನಿನ್ ಈ ನೀರಲ್ಲೂ ನೊರೆ ಕೊಡುತ್ತದೆ. ಶಾಂಪೂ ಕೂಡ ಸೋಪಿಗಿಂತ ವಾಸಿ. ಕೊನೆಗೆ ಒಂದು ಚೊಂಬು ನೀರಿಗೆ ಸ್ವಲ್ಪ ನಿಂಬೆರಸ ಹಿಂಡಿ ಸುರಿದುಕೊಂಡರೆ ಜಿಡ್ಡು ಸಡಿಲವಾಗಿ, ಎದ್ದ ಅಂಚುಗಳು ಕೂರುತ್ತವೆ.

ಎಣ್ಣೆಯ ವಿಷಯದಲ್ಲಿ ಅಜ್ಜಿಯರು ಗೆದ್ದಿದ್ದಾರೆ. ಮುಂಬೈನ ರೇಲೆ ಮತ್ತು ಮೊಹಿಲೆ 2003ರಲ್ಲಿ ಕೊಬ್ಬರಿ, ಸೂರ್ಯಕಾಂತಿ, ಖನಿಜ ತೈಲಗಳನ್ನು ಹೋಲಿಸಿದಾಗ, ಕೂದಲಿನಿಂದ ಪ್ರೋಟೀನ್ ಸೋರುವುದನ್ನು ತಡೆದದ್ದು ಕೊಬ್ಬರಿ ಎಣ್ಣೆಯೊಂದೇ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರ, ಎಳೆಯೊಳಕ್ಕೆ ನುಸುಳುತ್ತದೆ. ತಲೆಸ್ನಾನಕ್ಕೆ ಮುಂಚೆ ಹಚ್ಚಿದರೂ ಉಪಯೋಗವಿದೆ. ಬೆಳಗ್ಗೆ ನಾಲ್ಕು ಹನಿ ಅಂಗೈಗೆ ಸವರಿಕೊಂಡು ಕೂದಲ ಮೇಲೆ ಆಡಿಸಿದರೆ ಬಾಚಣಿಗೆ ಜಾರುತ್ತದೆ.

ನನ್ನ ಆತಂಕ ಬಿಗಿಯದು. ಸಂಜೆವರೆಗೂ ಕೂದಲು ಕದಲಬಾರದೆಂದು ಹಣೆಯ ಚರ್ಮ ಎಳೆಯುವಂತೆ ಕಟ್ಟುತ್ತೇವೆ. ವರ್ಷಗಟ್ಟಲೆ ಹೀಗೆ ಎಳೆದರೆ ಬುಡ ಸೋತು, ಹಣೆಯಂಚಿನ ಕೂದಲು ಮತ್ತೆ ಬಾರದಂತೆ ಉದುರಬಹುದು. ಮಗು ನೋವು ಎಂದರೆ ಸಡಿಲಿಸಿ. ಮೂರು ಎಳೆಗಳು ಒಂದರ ಮೇಲೊಂದು ಹಾಯ್ದು ಒತ್ತುವ ಘರ್ಷಣೆಯೇ ಜಡೆಯನ್ನು ಹಿಡಿದಿಡುತ್ತದೆ, ಬುಡದಲ್ಲಿ ಜಗ್ಗಬೇಕಿಲ್ಲ.

ಸಂಜೆ ಟೇಪು ಬಿಚ್ಚಿದಾಗ ಕೂದಲು ಅಲೆಯಲೆಯಾಗಿ ಬೆನ್ನ ಮೇಲೆ ಹರಡುತ್ತದೆ. ದಿನವಿಡೀ ಬೆವರಿನ ಪಸೆಯಲ್ಲಿ ಬಿಟ್ಟು, ಬಿಸಿಲಿಗೆ ಒಣಗಿ ಕೂಡಿಕೊಂಡ ಬಂಧಗಳ ಗುರುತು ಅದು. ಭಾನುವಾರದ ಮೊದಲ ಚೊಂಬು ನೀರಿಗೆ ಅಳಿಸಿಹೋಗುತ್ತದೆ.